ದಿಕ್ಸೂಚಿ, ಟಾರ್ಚ್ ಸೆಲ್, ನೂರು ಗ್ರಾಂ ತಂತಿ: ವಿದ್ಯುತ್ತು–ಕಾಂತದ ನಂಟನ್ನು ಕೈಯಾರೆ ನೋಡುವ ಬಗೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ತಲೆಯೆತ್ತಿದರೆ ಹಳಿಯ ಮೇಲೆ ಒಂದು ತಂತಿ ಕಾಣುತ್ತದೆ. ಕೊಂಕಣ ರೈಲ್ವೆ 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡ ಮೇಲೆ ಅದರಲ್ಲಿ ಹಗಲೂ ರಾತ್ರಿ 25,000 ವೋಲ್ಟ್ ಇದೆ. ಆ ಭಾಗದಲ್ಲಿ ಯಾವ ರೈಲೂ ಓಡದ ಹೊತ್ತಿನಲ್ಲೂ ತಂತಿಯ ಸುತ್ತ ವಿದ್ಯುತ್ ಕ್ಷೇತ್ರ ಇದ್ದೇ ಇರುತ್ತದೆ. ಕಾಂತಕ್ಷೇತ್ರ ಮಾತ್ರ ಹೆಚ್ಚುಕಡಿಮೆ ಇಲ್ಲವೆನ್ನುವಷ್ಟು ಕಡಿಮೆ. ಎಂಜಿನ್ ಹೊರಟು ನೂರಕ್ಕೂ ಮಿಕ್ಕಿ ಆಂಪಿಯರ್ ಎಳೆಯತೊಡಗಿದಾಗ ಅದೇ ತಂತಿಯ ಸುತ್ತ ಕಾಂತಕ್ಷೇತ್ರ ಏಳುತ್ತದೆ. ತಂತಿ ಬದಲಾಗಲಿಲ್ಲ, ವೋಲ್ಟೇಜೂ ಬದಲಾಗಲಿಲ್ಲ. ಬದಲಾದದ್ದು ಆವೇಶಗಳ, ಅಂದರೆ ವಿದ್ಯುತ್ ಚಾರ್ಜುಗಳ, ಓಡಾಟ.

ಪಿಯುಸಿ ಎರಡನೇ ವರ್ಷದ ಭೌತಶಾಸ್ತ್ರ ಪುಸ್ತಕದಲ್ಲಿ ವಿದ್ಯುತ್ ಕ್ಷೇತ್ರ ಮೊದಲ ಅಧ್ಯಾಯದಲ್ಲಿದೆ, ಕಾಂತಕ್ಷೇತ್ರ ನಾಲ್ಕನೆಯದರಲ್ಲಿ, ಪ್ರೇರಣೆ (ಇಂಡಕ್ಷನ್) ಆರರಲ್ಲಿ, ಅಲೆಗಳು ಎಂಟರಲ್ಲಿ. ಪಾಠ ಮಾಡುವ ಅನುಕೂಲಕ್ಕೆ ಅದು ಸರಿ. ಆದರೆ ಜೂನ್‌ನಲ್ಲಿ ಓದಿದ್ದಕ್ಕೂ ನವೆಂಬರಿನಲ್ಲಿ ಓದಿದ್ದಕ್ಕೂ ಸಂಬಂಧವೇ ಇಲ್ಲವೆಂದು ಮಕ್ಕಳು ತಿಳಿದುಬಿಡುತ್ತಾರೆ. ಕೂಲಂಬನದು ಒಂದು ಸೂತ್ರ, ಫ್ಯಾರಡೆಯದು ಇನ್ನೊಂದು, ಪರೀಕ್ಷೆ ಮುಗಿದರೆ ಎರಡೂ ಮುಗಿಯಿತು. ಈ ಬರಹದ ಉದ್ದೇಶ ಆ ನಾಲ್ಕು ಅಧ್ಯಾಯಗಳನ್ನು ಒಂದೇ ಮೇಜಿನ ಮೇಲೆ ಒಂದು ರಜೆಯ ದಿನ ಕೂಡಿಸುವುದು. ಮಾಸ್ತರರು, ಅಕ್ಕೋರು ಶಾಲೆಯಲ್ಲೂ ಮಾಡಿ ತೋರಿಸಬಹುದು.

ಹಿಡಿದುಕೊಳ್ಳಬೇಕಾದ ಎಳೆ ಇಷ್ಟು: ಆವೇಶ ಸುಮ್ಮನೆ ಕೂತಿದ್ದರೆ ವಿದ್ಯುತ್ ಕ್ಷೇತ್ರ ಮಾತ್ರ. ಅದು ಓಡಿದರೆ ಕಾಂತಕ್ಷೇತ್ರವೂ ಸೇರುತ್ತದೆ. ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಅಲ್ಲಿ ವಿದ್ಯುತ್ ಕ್ಷೇತ್ರ ಇರುತ್ತದೆ, ವಿದ್ಯುತ್ ಕ್ಷೇತ್ರ ಬದಲಾಗುತ್ತಿದ್ದರೆ ಅಲ್ಲಿ ಕಾಂತಕ್ಷೇತ್ರ ಇರುತ್ತದೆ. ಇವುಗಳಲ್ಲಿ ಎಷ್ಟು ಪಾಲು ‘ವಿದ್ಯುತ್’, ಎಷ್ಟು ಪಾಲು ‘ಕಾಂತ’ ಎಂಬುದು ನೋಡುವವರು ನಿಂತಿದ್ದಾರೋ ಓಡುತ್ತಿದ್ದಾರೋ ಎಂಬುದರ ಮೇಲೂ ನಿಂತಿದೆ. ಈ ಕೊನೆಯ ಮಾತು ಈಗ ವಿಚಿತ್ರವೆನಿಸಿದರೆ ಇರಲಿ, ಮೂರನೇ ಹೆಜ್ಜೆಯಲ್ಲಿ ಬರುತ್ತದೆ.

ಸಾಮಾನು ಕೂಡಿಸುವುದು

ಸಣ್ಣ ದಿಕ್ಸೂಚಿ ಒಂದು. ದೊಡ್ಡ ಟಾರ್ಚಿಗೆ ಹಾಕುವ 1.5 ವೋಲ್ಟಿನ ಸೆಲ್ ಎರಡು. ಒಂದು ಮೀಟರ್ ದಪ್ಪ ವೈರು, ಕಡಿಮೆ ಬೆಲೆಯ ಮಲ್ಟಿಮೀಟರ್, ಕೆಂಪು ಎಲ್‌ಇಡಿ ಒಂದೆರಡು, ಎಎಮ್ ಬ್ಯಾಂಡ್ ಇರುವ ಹಳೆ ರೇಡಿಯೊ, ಸೆಲ್ಲೋ ಟೇಪು. ನಿಯೋಡಿಮಿಯಂ ಅಯಸ್ಕಾಂತದ ಬಿಲ್ಲೆ ಮೂರ್ನಾಲ್ಕು ಆನ್‌ಲೈನಿನಲ್ಲಿ ಸಿಗುತ್ತವೆ. ಇವನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಎರಡು ಬಿಲ್ಲೆ ನುಂಗಿದರೆ ಕರುಳನ್ನು ನಡುವೆ ಹಿಡಿದು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರೂ ದೂರ ಇರಲಿ.

ಮುಖ್ಯವಾದದ್ದು ಎನಾಮಲ್ ಲೇಪದ ತಾಮ್ರದ ತಂತಿ. ಅದಕ್ಕೆ ಬೆಂಗಳೂರಿಗೆ ಆರ್ಡರ್ ಹಾಕುವುದು ಬೇಡ. ಅಡಿಕೆ ತೋಟಕ್ಕೆ ನೀರೆತ್ತುವ ಪಂಪ್‌ಸೆಟ್ಟುಗಳು ಸುಡುತ್ತಲೇ ಇರುವ ನಮ್ಮ ಸೀಮೆಯಲ್ಲಿ ಶಿರಸಿ, ಸಿದ್ದಾಪುರ, ಕುಮಟಾ ಯಾವ ಪೇಟೆಗೆ ಹೋದರೂ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. “ಅಣ್ಣ, 34 ಗೇಜಿನ ವೈಂಡಿಂಗ್ ತಂತಿ ನೂರು ಗ್ರಾಂ ಬೇಕಿತ್ತು” ಎಂದರೆ ತೂಗಿ ಕೊಡುತ್ತಾರೆ. ನೂರು ಗ್ರಾಮಿಗೆ ಸುಮಾರು 250 ಮೀಟರ್ ಬರುತ್ತದೆ. ಅಲ್ಲೇ ಬಿಚ್ಚಿಟ್ಟ ಮೋಟಾರಿನ ಒಳಗನ್ನೂ ನೋಡಿ ಬನ್ನಿ; ಆರನೇ ಅಧ್ಯಾಯ ಅಲ್ಲಿ ಗ್ರೀಸ್ ಮೆತ್ತಿಕೊಂಡು ಕೂತಿರುತ್ತದೆ.

ಒಂದು ನಿಯಮ. ಪ್ರಯೋಗಕ್ಕೆ ಟಾರ್ಚ್ ಸೆಲ್ ಮಾತ್ರ. ಗೋಡೆಯ ಪ್ಲಗ್ಗು, ಇನ್ವರ್ಟರ್ ಬ್ಯಾಟರಿ, ಬೈಕಿನ ಬ್ಯಾಟರಿ, ಮೊಬೈಲಿನ ಲಿಥಿಯಂ ಬ್ಯಾಟರಿ, ಯಾವುದೂ ಬೇಡ. ಮುಂದಿನ ಹೆಜ್ಜೆಗಳಲ್ಲಿ ಸೆಲ್ಲಿನ ಎರಡು ತುದಿಗಳನ್ನು ನೇರವಾಗಿ ವೈರಿನಿಂದ ಕೂಡಿಸುವುದಿದೆ. ಲಿಥಿಯಂ ಬ್ಯಾಟರಿಗೆ ಹಾಗೆ ಮಾಡಿದರೆ ಬೆಂಕಿ ಏಳುತ್ತದೆ.

ಮೊದಲ ಹೆಜ್ಜೆ: ಕೂತ ಆವೇಶ

ಪ್ಲಾಸ್ಟಿಕ್ ಸ್ಕೇಲನ್ನು ಒಣ ತಲೆಗೂದಲಿಗೆ ಉಜ್ಜಿ ಕಾಗದದ ಚೂರಿನ ಬಳಿ ಹಿಡಿಯುವುದು ಎಲ್ಲರಿಗೂ ಗೊತ್ತು. ಪುಸ್ತಕ ಹೇಳದೇ ಬಿಡುವ ಸಂಗತಿ ಏನೆಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಇದು ನಡೆಯುವುದೇ ಕಷ್ಟ. ಗಾಳಿಯ ತೇವ ಸ್ಕೇಲಿನ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಹಾಸುತ್ತದೆ, ಕಡಲ ಗಾಳಿಯ ಉಪ್ಪು ಅದಕ್ಕೆ ಸೇರುತ್ತದೆ, ಉಜ್ಜಿ ಕೂಡಿಸಿದ ಆವೇಶ ಆ ಪದರದ ಮೂಲಕ ನಿಮ್ಮ ಕೈಗೆ ಇಳಿದುಹೋಗುತ್ತದೆ. ಶಾಲೆ ಶುರುವಾಗುವುದೂ ಮೊದಲ ಅಧ್ಯಾಯ ಬರುವುದೂ ಸರಿಯಾಗಿ ಮಳೆಗಾಲದಲ್ಲೇ! ಡಿಸೆಂಬರ್–ಜನವರಿಯ ಬಿಸಿಲೇರಿದ ಹೊತ್ತು ಒಳ್ಳೆಯದು. ಮುಂಡಗೋಡ, ಹಳಿಯಾಳದ ಕಡೆಯವರಿಗೆ ಇನ್ನೂ ಸುಲಭ. ಮಳೆಗಾಲದಲ್ಲೇ ಮಾಡಬೇಕೆಂದರೆ ಸೆಲ್ಲೋ ಟೇಪಿನ ಉಪಾಯ ಇದೆ: ಗೇಣುದ್ದದ ಎರಡು ತುಂಡುಗಳನ್ನು ಒಂದರ ಬೆನ್ನಿಗೆ ಇನ್ನೊಂದು ಅಂಟಿಸಿ, ಪಟ್ಟನೆ ಬೇರೆ ಮಾಡಿ. ಒಂದಕ್ಕೆ ಧನ, ಇನ್ನೊಂದಕ್ಕೆ ಋಣ ಆವೇಶ ಬಂದಿರುತ್ತದೆ. ಹತ್ತಿರ ತಂದರೆ ಬಾಗಿ ಅಪ್ಪಿಕೊಳ್ಳುತ್ತವೆ.

ಈಗ ಈ ಟೇಪನ್ನೋ ಸ್ಕೇಲನ್ನೋ ದಿಕ್ಸೂಚಿಯ ಬಳಿ ತನ್ನಿ. ಮುಳ್ಳು ಒಂಚೂರು ಅಲುಗಿದರೂ ಅಲುಗಬಹುದು. “ನೋಡಿ, ಆವೇಶಕ್ಕೂ ಕಾಂತಶಕ್ತಿ ಇದೆ” ಎಂದು ಹಿಗ್ಗಬೇಡಿ. ಮುಳ್ಳಿನ ಎರಡೂ ತುದಿಗಳಿಗೆ ಒಂದೊಂದಾಗಿ ಹಿಡಿದು ಪರೀಕ್ಷಿಸಿ. ಅಯಸ್ಕಾಂತವಾದರೆ ಒಂದು ತುದಿಯನ್ನು ಎಳೆದು ಇನ್ನೊಂದನ್ನು ತಳ್ಳುತ್ತದೆ. ಆವೇಶದ ಸ್ಕೇಲು ಎರಡನ್ನೂ ಎಳೆಯುತ್ತದೆ, ಕಾಗದದ ಚೂರನ್ನು ಎಳೆದ ಹಾಗೆಯೇ. ಕೂತ ಆವೇಶದಿಂದ ಕಾಂತಕ್ಷೇತ್ರ ಇಲ್ಲ.

ಎರಡನೇ ಹೆಜ್ಜೆ: ಓಡುವ ಆವೇಶ

1820ರಲ್ಲಿ ಕೋಪನ್‌ಹೇಗನ್ನಿನ ಹ್ಯಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಕಂಡದ್ದು ಇದನ್ನೇ: ಕರೆಂಟ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುತ್ತದೆ.

ದಿಕ್ಸೂಚಿಯನ್ನು ಮರದ ಮೇಜಿನ ಮೇಲಿಡಿ. ಕಬ್ಬಿಣದ ಟೇಬಲ್ಲು, ಸ್ಲ್ಯಾಬಿನೊಳಗಿನ ಸರಳು, ಸ್ಪೀಕರು, ಮೊಬೈಲು ದೂರ ಇರಲಿ. ನಿಮ್ಮ ಬಿಲ್ಲೆ ಅಯಸ್ಕಾಂತಗಳನ್ನು ಪಕ್ಕದ ಕೋಣೆಯಲ್ಲೇ ಬಿಡಿ. ವೈರನ್ನು ಮುಳ್ಳಿಗಿಂತ ಒಂದು ಸೆಂಟಿಮೀಟರ್ ಮೇಲೆ, ಮುಳ್ಳಿನ ಉದ್ದಕ್ಕೇ, ಅಂದರೆ ದಕ್ಷಿಣೋತ್ತರವಾಗಿ ಹಿಡಿಯಿರಿ. ತುದಿಗಳನ್ನು ಸೆಲ್ಲಿಗೆ ಎರಡು ಮೂರು ಸೆಕೆಂಡು ಮಾತ್ರ ಮುಟ್ಟಿಸಿ. ಹೆಚ್ಚು ಹೊತ್ತು ಹಿಡಿದರೆ ವೈರೂ ಬಿಸಿ, ಸೆಲ್ಲೂ ಖಾಲಿ. ಕರೆಂಟ್ ದಕ್ಷಿಣದಿಂದ ಉತ್ತರಕ್ಕೆ ಹೋಗುವಂತಿದ್ದರೆ ಮುಳ್ಳಿನ ಉತ್ತರದ ತುದಿ ಪಡುವಣಕ್ಕೆ, ನಮ್ಮ ಲೆಕ್ಕದಲ್ಲಿ ಕಡಲ ಕಡೆಗೆ, ವಾಲುತ್ತದೆ. ಸೆಲ್ ತಿರುಗಿಸಿದರೆ ಘಟ್ಟದ ಕಡೆಗೆ. ವೈರನ್ನು ದಿಕ್ಸೂಚಿಯ ಕೆಳಗಿಟ್ಟರೆ ಮತ್ತೆ ಉಲ್ಟಾ.

ಮೊದಲ ಸಲ ಮಾಡುವವರಲ್ಲಿ ಬಹಳ ಮಂದಿಗೆ ಮುಳ್ಳು ಅಲುಗುವುದೇ ಇಲ್ಲ. ಕಾರಣ, ವೈರನ್ನು ಪೂರ್ವ–ಪಶ್ಚಿಮವಾಗಿ ಹಿಡಿದಿರುತ್ತಾರೆ. ಆಗ ವೈರಿನ ಕಾಂತಕ್ಷೇತ್ರ ಭೂಮಿಯದರ ಗೆರೆಯಲ್ಲೇ ಬೀಳುತ್ತದೆ, ಮುಳ್ಳಿಗೆ ತಿರುಗಲು ಕಾರಣವೇ ಇಲ್ಲ. ಕಾಂತಕ್ಷೇತ್ರ ತಂತಿಯ ಕಡೆಗೂ ಅಲ್ಲ, ತಂತಿಯಿಂದ ಆಚೆಗೂ ಅಲ್ಲ, ತಂತಿಯನ್ನು ಸುತ್ತುವರಿದು ಇರುತ್ತದೆ ಎಂಬುದನ್ನು ಈ ‘ಸೋತ’ ಪ್ರಯೋಗ ಗೆದ್ದದ್ದಕ್ಕಿಂತ ಚೆನ್ನಾಗಿ ತೋರಿಸುತ್ತದೆ.

ಲೆಕ್ಕ ಹಾಕಲು ಇಷ್ಟ ಇರುವವರಿಗೆ ನಮ್ಮ ಜಿಲ್ಲೆ ಅನುಕೂಲದ ಜಾಗ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ಇಲ್ಲಿ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ಅಡ್ಡವಾಗಿಯೇ ಇದೆ, ಅಡ್ಡ ಪಾಲು ಸುಮಾರು 40 ಮೈಕ್ರೊಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಮಾನ). ಮೊಬೈಲಿನೊಳಗೂ ಕಾಂತಮಾಪಕ ಇರುತ್ತದೆ. ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಹಾಕಿಕೊಂಡು ಬಯಲಲ್ಲಿ ನಿಂತು ಈ ಅಂಕಿಯನ್ನು ನೀವೇ ನೋಡಬಹುದು. ಉದ್ದ ತಂತಿಯ ಕಾಂತಕ್ಷೇತ್ರಕ್ಕೆ ಸುಲಭದ ಸೂತ್ರ: ಆಂಪಿಯರನ್ನು 20ರಿಂದ ಗುಣಿಸಿ, ಸೆಂಟಿಮೀಟರ್ ದೂರದಿಂದ ಭಾಗಿಸಿ, ಉತ್ತರ ಮೈಕ್ರೊಟೆಸ್ಲಾದಲ್ಲಿ. ಒಂದು ಸೆಂಟಿಮೀಟರ್ ದೂರದಲ್ಲಿ 2 ಆಂಪಿಯರ್ ಹರಿದರೆ 40. ಭೂಮಿಯದೂ 40, ತಂತಿಯದೂ 40, ಎರಡೂ ಲಂಬವಾಗಿ. ಮುಳ್ಳು 45 ಡಿಗ್ರಿಗೆ ನಿಲ್ಲಬೇಕು. ಮುಳ್ಳು ನಿಂತ ಕೋನ ನೋಡಿ ಸೆಲ್ಲು ಎಷ್ಟು ಕರೆಂಟ್ ಕೊಡುತ್ತಿದೆ ಎಂದು ಹೇಳಬಹುದು. ಅಮ್ಮೀಟರಿನ ಅಜ್ಜ ಇದು.

ಇನ್ನೊಂದು ಕೆಲಸ ಬಾಕಿ. ವೈರನ್ನು ನಡುವೆ ಮಡಚಿ, ಹೋಗುವ ಎಳೆ ಬರುವ ಎಳೆ ಎರಡನ್ನೂ ಒಟ್ಟಿಗೆ ಹುರಿ ಹಾಕಿ, ಮುಳ್ಳಿನ ಮೇಲೆ ಹಿಡಿದು ಸೆಲ್ಲಿಗೆ ಮುಟ್ಟಿಸಿ. ಅಷ್ಟೇ ಕರೆಂಟ್, ಆದರೆ ಮುಳ್ಳು ಕದಲುವುದಿಲ್ಲ. ಎರಡು ಎಳೆಗಳ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಎರಡು ಸಲ ಬೇಕಾಗುತ್ತದೆ.

ಮೂರನೇ ಹೆಜ್ಜೆ: ಅಯಸ್ಕಾಂತದಿಂದ ವಿದ್ಯುತ್ತು

ಎರಡೂವರೆ–ಮೂರು ಸೆಂಟಿಮೀಟರ್ ಅಡ್ಡಗಲದ ಪಿವಿಸಿ ಪೈಪಿನ ತುಂಡಿನ ಮೇಲೆ ಎನಾಮಲ್ ತಂತಿಯನ್ನು 800 ಸುತ್ತು ಸುತ್ತಿ. ಎರಡು ಬೆರಳಗಲದ ಜಾಗದಲ್ಲಿ ಒತ್ತೊತ್ತಾಗಿ ಸುತ್ತಿ, ಎಲ್ಲ ಒಂದೇ ದಿಕ್ಕಿಗೆ. ತುದಿಗಳನ್ನು ಸ್ಯಾಂಡ್‌ಪೇಪರಿನಿಂದ ಕೆಂಪಗೆ ಹೊಳೆಯುವವರೆಗೆ ಕೆರೆಯಿರಿ. “ಬರ್ತಾ ಇಲ್ಲ” ಎಂದು ದೂರುವ ಹತ್ತರಲ್ಲಿ ಎಂಟು ಸುರುಳಿಗಳ ರೋಗ ಈ ಕೆರೆಯದ ಎನಾಮಲ್ಲೇ.

ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು ತುದಿಗಳಿಗೆ ಕೊಡಿ. ಅಯಸ್ಕಾಂತದ ಬಿಲ್ಲೆಗಳನ್ನು ಒಂದರ ಮೇಲೊಂದು ಕೂಡಿಸಿ ಪೈಪಿನೊಳಗೆ ಸುಮ್ಮನೆ ಇಡಿ. ಸೊನ್ನೆ. ಎಷ್ಟೇ ಬಲದ ಅಯಸ್ಕಾಂತ ತನ್ನಿ, ಎಷ್ಟೇ ಹೊತ್ತು ಕಾಯಿರಿ, ಸೊನ್ನೆಯೇ. ಅಯಸ್ಕಾಂತ ಇಟ್ಟರೆ ಸಾಕು, ಪುಕ್ಕಟೆ ಕರೆಂಟ್ ಬರುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳನ್ನು ಇಲ್ಲಿಯೇ ಅಳಿಸಿಹಾಕಬಹುದು. ಈಗ ಬಿಲ್ಲೆಯನ್ನು ಸರಕ್ಕನೆ ಎಳೆಯಿರಿ, ಅಂಕಿ ಹಾರುತ್ತದೆ. ಒಳಗೆ ತಳ್ಳಿದರೆ ಚಿಹ್ನೆ ತಿರುಗುತ್ತದೆ. ಮೀಟರ್ ತೆಗೆದು ಎಲ್‌ಇಡಿ ಕಟ್ಟಿ, ಪೈಪಿನ ಎರಡೂ ಬಾಯಿ ಮುಚ್ಚಿ ಕುಲುಕಿದರೆ ಕತ್ತಲೆಯಲ್ಲಿ ಮಿಣುಕುತ್ತದೆ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಇದನ್ನು ಮೊದಲು ಹಿಡಿದದ್ದು. ಅವನಿಗೂ ಸೂಜಿ ಅಲುಗಿದ್ದು ಕರೆಂಟನ್ನು ಕೂಡಿಸುವಾಗ, ಬಿಡಿಸುವಾಗ ಮಾತ್ರ; ಸುಮ್ಮನೆ ಹರಿಯುವಾಗ ಇಲ್ಲ.

ಕದ್ರಾದಲ್ಲಿ ಕಾಳಿಯ ನೀರು, ಕೈಗಾದಲ್ಲಿ ಅಣು ಒಲೆಯ ಉಗಿ ಮಾಡುವುದೂ ಈ ಕುಲುಕುವ ಕೆಲಸವನ್ನೇ. ಎರಡು ಧ್ರುವದ ಕಾಂತ ಸೆಕೆಂಡಿಗೆ 50 ಸುತ್ತು, ನಿಮಿಷಕ್ಕೆ 3000 ಸುತ್ತು ತಿರುಗಿದರೆ 50 ಹರ್ಟ್ಸ್.

ಈಗ ಬಿಲ್ಲೆಯನ್ನು ಮೇಜಿಗೆ ಅಂಟಿಸಿ, ಸುರುಳಿಯನ್ನು ಅಷ್ಟೇ ವೇಗದಲ್ಲಿ ಎಳೆಯಿರಿ. ಮೀಟರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. “ಅದರಲ್ಲೇನು ವಿಶೇಷ” ಎನ್ನಬೇಡಿ. ಹಳೆಯ ವಿವರಣೆಯಲ್ಲಿ ಇವು ಎರಡು ಬೇರೆ ಘಟನೆಗಳು. ಅಯಸ್ಕಾಂತ ಓಡಿದಾಗ ಬದಲಾಗುವ ಕಾಂತಕ್ಷೇತ್ರ ಒಂದು ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸಿತು, ಅದು ಎಲೆಕ್ಟ್ರಾನುಗಳನ್ನು ತಳ್ಳಿತು. ಸುರುಳಿ ಓಡಿದಾಗ ವಿದ್ಯುತ್ ಕ್ಷೇತ್ರ ಎಲ್ಲಿಯೂ ಇಲ್ಲ. ಸುರುಳಿಯ ಜೊತೆ ಓಡುವ ಎಲೆಕ್ಟ್ರಾನುಗಳನ್ನು ಕಾಂತಕ್ಷೇತ್ರವೇ ಪಕ್ಕಕ್ಕೆ ತಳ್ಳಿತು. ಕಾರಣ ಎರಡು, ಮೀಟರಿನ ಅಂಕಿ ಒಂದೇ. 1905ರಲ್ಲಿ ಐನ್‌ಸ್ಟೈನ್ ಸಾಪೇಕ್ಷತೆಯ ಮೊದಲ ಪ್ರಬಂಧವನ್ನು ಶುರುಮಾಡಿದ್ದೇ ಅಯಸ್ಕಾಂತ–ತಂತಿಯ ಈ ಅಸಮಾಧಾನದಿಂದ. ಯಾರು ಓಡಿದರು, ಯಾರು ನಿಂತರು ಎನ್ನುವುದು ನೋಡುವವನ ಲೆಕ್ಕ. ಕಾಳಿ ಸೇತುವೆಯಿಂದ ನೋಡಿದ ಸದಾಶಿವಗಡದ ಗುಡ್ಡಕ್ಕೂ ಕಡಲಲ್ಲಿ ದೋಣಿಯಿಂದ ನೋಡಿದ ಸದಾಶಿವಗಡಕ್ಕೂ ಅಂಚು ಬೇರೆ ಬೇರೆ ಕಾಣುತ್ತದೆ, ಗುಡ್ಡ ಒಂದೇ. ವಿದ್ಯುತ್ ಮತ್ತು ಕಾಂತಕ್ಷೇತ್ರಗಳು ಹಾಗೆ ಒಂದೇ ಕ್ಷೇತ್ರದ ಎರಡು ನೋಟ.

ಇದು ಬೆಳಕಿನ ವೇಗದ ಹತ್ತಿರ ಹೋದರೆ ಮಾತ್ರ ಕಾಣುವ ಸಂಗತಿ ಎಂದುಕೊಳ್ಳಬೇಡಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿನಲ್ಲಿ 2 ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಸರಾಸರಿ ಸೆಕೆಂಡಿಗೆ 0.15 ಮಿಲಿಮೀಟರ್ ಮಾತ್ರ ಸಾಗುತ್ತವೆ. ಬಸವನಹುಳು ಇದಕ್ಕಿಂತ ಚುರುಕು. ಇಷ್ಟು ನಿಧಾನದ ಓಟಕ್ಕೆ ಸಾಪೇಕ್ಷತೆಯ ಪರಿಣಾಮ ಎಷ್ಟು? ದಶಮಾಂಶ ಬಿಂದುವಿನ ನಂತರ 24 ಸೊನ್ನೆ ಬರೆದ ಮೇಲೆ ಸಿಗುವ ಅಂಕಿ. ಆದರೆ ಆ ವೈರಿನ ಒಂದು ಮೀಟರಿನಲ್ಲಿ ಓಡಾಡುವ ಎಲೆಕ್ಟ್ರಾನುಗಳ ಒಟ್ಟು ಆವೇಶ 13,000 ಕೂಲಂಬಿಗೂ (ಆವೇಶವನ್ನು ಅಳೆಯುವ ಮಾನ) ಹೆಚ್ಚು. ಅಷ್ಟೇ ಧನ ಆವೇಶ ಎದುರಿಗೆ ಕೂತು ಸರಿದೂಗಿಸಿರುವುದರಿಂದ ವಿದ್ಯುತ್ ಬಲ ಹೊರಗೆ ಕಾಣುವುದಿಲ್ಲ. ಆ ಸರಿತೂಕ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆ ಏರುಪೇರಾದರೂ, ಉಳಿಯುವುದು ಮೋಟಾರನ್ನು ತಿರುಗಿಸುವಷ್ಟು ಬಲ. ತಂತಿ–ತಂತಿಗಳ ನಡುವೆ ನಾವು ಕಾಂತಬಲ ಎನ್ನುವುದು ಈ ಉಳಿಕೆಯನ್ನು.

ನಾಲ್ಕನೇ ಹೆಜ್ಜೆ: ಪೈಪಿನಲ್ಲಿ ಬೀಳದ ಅಯಸ್ಕಾಂತ

ಇದು ಚಿಕ್ಕದು, ಆದರೆ ನೆಂಟರ ಮಕ್ಕಳು ಬಂದಾಗ ಇದನ್ನೇ ಮೊದಲು ತೋರಿಸಿ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಇಲ್ಲವೇ ತಾಮ್ರದ ಪೈಪಿನೊಳಗೆ, ಸಲೀಸಾಗಿ ಹೋಗುವ ಆದರೆ ಗೋಡೆಗೆ ಹತ್ತಿರವೇ ಇರುವ ನಿಯೋಡಿಮಿಯಂ ಬಿಲ್ಲೆಗಳ ಕಟ್ಟನ್ನು ಬಿಡಿ. ಬರಿ ಗಾಳಿಯಲ್ಲಾದರೆ ಅರ್ಧ ಸೆಕೆಂಡಿನೊಳಗೆ ನೆಲಕ್ಕೆ. ಪೈಪಿನಲ್ಲಿ ಅದು ತೇಲುತ್ತಾ ಇಳಿಯುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂದು ಮೊದಲೇ ತೋರಿಸಿಕೊಳ್ಳಿ, ಆಮೇಲೆ ಕಾರಣ ಕೇಳಿ. ಬೀಳುವ ಅಯಸ್ಕಾಂತ ಪೈಪಿನ ಗೋಡೆಯಲ್ಲಿ ಸುತ್ತು ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟಿನ ಕಾಂತಕ್ಷೇತ್ರ ಬೀಳುವುದನ್ನು ತಡೆಯುತ್ತದೆ. ಎರಡನೇ ಹೆಜ್ಜೆ, ಮೂರನೇ ಹೆಜ್ಜೆ ಒಂದೇ ಪೈಪಿನಲ್ಲಿ.

ಅಡುಗೆಮನೆಯ ಇಂಡಕ್ಷನ್ ಒಲೆಯೂ ಇದೇ. ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ಸುತ್ತು ಕರೆಂಟ್ ಹುಟ್ಟಿಸಿ ಅದನ್ನೇ ಕಾಯಿಸುತ್ತದೆ. ಅಯಸ್ಕಾಂತ ಅಂಟುವ ತಳವಾದರೆ ಪಾತ್ರೆ ನಡೆಯುತ್ತದೆ. ಆದರೆ ನಿಮ್ಮ 800 ಸುತ್ತಿನ ಸುರುಳಿಯನ್ನು ಉರಿಯುವ ಇಂಡಕ್ಷನ್ ಒಲೆಯ ಮೇಲೆ ಇಡಬೇಡಿ. ನೂರಾರು ವೋಲ್ಟ್ ಬರಬಹುದು.

ಐದನೇ ಹೆಜ್ಜೆ: ಮೇಜಿನ ಮೇಲೆ ತೋರಿಸಲಾಗದ ಹೆಜ್ಜೆ

ಬದಲಾಗುವ ಕಾಂತಕ್ಷೇತ್ರದಿಂದ ವಿದ್ಯುತ್ ಕ್ಷೇತ್ರ ಬಂತು. ಬದಲಾಗುವ ವಿದ್ಯುತ್ ಕ್ಷೇತ್ರದಿಂದ ಕಾಂತಕ್ಷೇತ್ರ? ಮನೆಯ ಸಾಮಾನಿನಲ್ಲಿ ಇದನ್ನು ನೇರವಾಗಿ ತೋರಿಸಲು ಆಗದು, ಅಷ್ಟು ಸಣ್ಣದು. ಫ್ಯಾರಡೆಗೂ ಕಂಡಿರಲಿಲ್ಲ. 1860ರ ದಶಕದ ಆರಂಭದಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇದನ್ನು ಕಾಗದದ ಮೇಲೆ ಸೇರಿಸಿದ. ಕೆಪಾಸಿಟರ್ ಒಂದಕ್ಕೆ, ಅಂದರೆ ಎದುರುಬದುರಾಗಿ ಇಟ್ಟ ಎರಡು ತಗಡುಗಳಿಗೆ, ಕರೆಂಟ್ ತುಂಬುತ್ತಿರುವಾಗ ವೈರಿನ ಸುತ್ತ ಕಾಂತಕ್ಷೇತ್ರ ಇದೆ. ಎರಡು ತಗಡುಗಳ ನಡುವಿನ ಖಾಲಿ ಜಾಗದಲ್ಲಿ ಯಾವ ಆವೇಶವೂ ದಾಟುವುದಿಲ್ಲ, ಹಾಗಾದರೆ ಅಲ್ಲಿ ಕಾಂತಕ್ಷೇತ್ರ ಇದ್ದಕ್ಕಿದ್ದಂತೆ ಕಡಿದುಹೋಗಬೇಕೇ? ಇಲ್ಲ, ಅಲ್ಲಿ ಏರುತ್ತಿರುವ ವಿದ್ಯುತ್ ಕ್ಷೇತ್ರವೇ ಕರೆಂಟಿನ ಪಾತ್ರ ವಹಿಸುತ್ತದೆ.

ಇದನ್ನು ಸೇರಿಸಿದ್ದೇ ಸಮೀಕರಣಗಳಿಂದ ಒಂದು ಅಲೆ ಹೊರಬಿತ್ತು. ಅದರ ವೇಗ ಎಷ್ಟು ಎಂದು ಹೇಳಲು ಬೇಕಾದದ್ದು ಪ್ರಯೋಗಾಲಯದ ಎರಡು ಅಳತೆ ಮಾತ್ರ: ಕೂತ ಆವೇಶದ್ದೊಂದು, ಓಡುವ ಕರೆಂಟಿನದ್ದೊಂದು. ಜರ್ಮನಿಯ ವೆಬರ್ ಮತ್ತು ಕೋಲ್‌ರಾಶ್ 1856ರಲ್ಲೇ ಅಳೆದಿಟ್ಟಿದ್ದರು. ಅದರಿಂದ ಬಂದ ವೇಗ ಸೆಕೆಂಡಿಗೆ 3,10,740 ಕಿಲೊಮೀಟರ್. ಫ್ರಾನ್ಸಿನ ಫಿಜೋ ಹಲ್ಲಿನ ಚಕ್ರ ತಿರುಗಿಸಿ ಅಳೆದ ಬೆಳಕಿನ ವೇಗ ಸುಮಾರು 3,15,000. ಮ್ಯಾಕ್ಸ್‌ವೆಲ್ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಬೆಳಕೂ ಇದೇ ಅಲೆ ಎಂದ. ನಿಖರ ಅಂಕಿ 2,99,792.458. ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು. ಬೆಳಕನ್ನು ಮುಟ್ಟದೆ ಬೆಳಕಿನ ವೇಗ ಸಿಕ್ಕಿತು.

ಹೈನ್‌ರಿಚ್ ಹರ್ಟ್ಸ್ 1887–88ರಲ್ಲಿ ಆ ಅಲೆಗಳನ್ನು ಕಿಡಿಯಿಂದ ಹುಟ್ಟಿಸಿ ಹಿಡಿದ. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಯಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿದರು.

ಆರನೇ ಹೆಜ್ಜೆ: ಕಿಡಿ ಮತ್ತು ರೇಡಿಯೊ

ಹರ್ಟ್ಸನ ಕೆಲಸವನ್ನು ನೀವೂ ಮಾಡಬಹುದು. ಎಎಮ್ ರೇಡಿಯೊವನ್ನು ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ ಧ್ವನಿ ಏರಿಸಿ. ಸೆಲ್ಲಿನ ಒಂದು ತುದಿಗೆ ಕಬ್ಬಿಣದ ಅರವನ್ನು ವೈರಿನಿಂದ ಕಟ್ಟಿ, ಇನ್ನೊಂದು ತುದಿಯ ವೈರಿನಿಂದ ಅರದ ಮೇಲೆ ಗೀಚಿ. ಗೀಚಿದಷ್ಟೂ ರೇಡಿಯೊ ಕರಕರ ಎನ್ನುತ್ತದೆ, ನಡುವೆ ಯಾವ ತಂತಿಯೂ ಇಲ್ಲದೆ. ಮೇ ತಿಂಗಳ ಸಂಜೆ ಘಟ್ಟದ ಮೇಲೆ ಮಿಂಚುವಾಗಲೂ ಕೇಳಿ: ಮಿಂಚಿದ ಕ್ಷಣವೇ ಕರಕರ, ಗುಡುಗು ಕಿಲೊಮೀಟರಿಗೆ ಮೂರು ಸೆಕೆಂಡಿನಂತೆ ತಡವಾಗಿ.

ರೇಡಿಯೊದೊಳಗೇ ಎರಡೂ ಕ್ಷೇತ್ರಗಳಿಗೆ ಒಂದೊಂದು ಕೈ ಇದೆ. ಎಫ್‌ಎಮ್‌ಗೆ ಎಳೆದು ಉದ್ದ ಮಾಡುವ ಸರಳು ಅಲೆಯ ವಿದ್ಯುತ್ ಕ್ಷೇತ್ರವನ್ನು ಹಿಡಿಯುತ್ತದೆ. ಎಎಮ್‌ಗೆ ಪೆಟ್ಟಿಗೆಯೊಳಗಿನ ಕಪ್ಪು ಫೆರೈಟ್ ಕಡ್ಡಿ, ಅದರ ಮೇಲೆ ಸುತ್ತಿದ ಸುರುಳಿ, ಕಾಂತಕ್ಷೇತ್ರವನ್ನು ಹಿಡಿಯುತ್ತದೆ. ಪರೀಕ್ಷೆ ಮಾಡಿ: 765 ಕಿಲೊಹರ್ಟ್ಸ್‌ನಲ್ಲಿ ಧಾರವಾಡ ಆಕಾಶವಾಣಿ ಸಿಕ್ಕರೆ ರೇಡಿಯೊವನ್ನು ನಿಧಾನವಾಗಿ ಬುಗುರಿಯಂತೆ ತಿರುಗಿಸಿ. ಒಂದು ದಿಕ್ಕಿನಲ್ಲಿ ಧ್ವನಿ ಸೋರಿಹೋಗುತ್ತದೆ. ಆಗ ಒಳಗಿನ ಕಡ್ಡಿ ಧಾರವಾಡದತ್ತ ಬೊಟ್ಟು ಮಾಡಿರುತ್ತದೆ. ಕಾರವಾರದಲ್ಲಾದರೆ ಈಶಾನ್ಯಕ್ಕೆ, ಶಿರಸಿಯಲ್ಲಾದರೆ ಹೆಚ್ಚುಕಡಿಮೆ ಉತ್ತರಕ್ಕೆ. ಅಲೆಯ ಕಾಂತಕ್ಷೇತ್ರ ಅಲೆ ಸಾಗುವ ದಿಕ್ಕಿಗೆ ಅಡ್ಡವಾಗಿ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಸಿಗದು.

ಇಲ್ಲೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ಒಂದು ಕ್ಷೇತ್ರ ಬಿದ್ದಾಗ ಇನ್ನೊಂದು ಏಳುತ್ತದೆ, ಹೀಗೆ ಸರದಿಯಲ್ಲಿ ಕೈಬದಲಿಸಿಕೊಳ್ಳುತ್ತಾ ಅಲೆ ಮುಂದೆ ಹೋಗುತ್ತದೆ ಎಂದು ಹಲವರು ವಿವರಿಸುತ್ತಾರೆ. ಬಯಲಿನಲ್ಲಿ ಸಾಗುವ ಅಲೆಯಲ್ಲಿ ಹಾಗಿಲ್ಲ. ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಸೊನ್ನೆಗೆ ಬರುತ್ತವೆ. ವಿದ್ಯುತ್ ಕ್ಷೇತ್ರವನ್ನು ಬೆಳಕಿನ ವೇಗದಿಂದ ಭಾಗಿಸಿದರೆ ಕಾಂತಕ್ಷೇತ್ರ ಸಿಗುತ್ತದೆ. ಮೀಟರಿಗೆ ಒಂದು ಮಿಲಿವೋಲ್ಟ್ ಇರುವ ರೇಡಿಯೊ ಅಲೆಯ ಕಾಂತಕ್ಷೇತ್ರ 3.3 ಪಿಕೊಟೆಸ್ಲಾ, ಭೂಮಿಯದರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ದಿಕ್ಸೂಚಿಗೆ ಅದು ಗೊತ್ತೇ ಆಗುವುದಿಲ್ಲ. ಸೆಕೆಂಡಿಗೆ 7,65,000 ಸಲ ಬದಲಾಗುವುದರಿಂದ ಸುರುಳಿಗೆ ಗೊತ್ತಾಗುತ್ತದೆ.

ಏಳನೇ ಹೆಜ್ಜೆ: ಮನೆ, ತೋಟ, ದೋಣಿ

ಎಲೆಕ್ಟ್ರಿಷಿಯನ್ನರ ಜೇಬಿನಲ್ಲಿ ಈ ಎರಡು ಕ್ಷೇತ್ರಗಳಿಗೆ ಎರಡು ಉಪಕರಣ ಇರುತ್ತವೆ. ಮುಟ್ಟದೆಯೇ ಪೀಂ ಎನ್ನುವ ಪೆನ್ನಿನಂಥ ಟೆಸ್ಟರ್ ವಿದ್ಯುತ್ ಕ್ಷೇತ್ರವನ್ನು ನೋಡುತ್ತದೆ. ಅದಕ್ಕೆ ವೋಲ್ಟೇಜ್ ಇದ್ದರೆ ಸಾಕು, ಕರೆಂಟ್ ಹರಿಯಬೇಕಿಲ್ಲ. ವೈರನ್ನು ಬಾಯಲ್ಲಿ ಹಿಡಿಯುವ ಕ್ಲ್ಯಾಂಪ್ ಮೀಟರ್ ಕಾಂತಕ್ಷೇತ್ರವನ್ನು ನೋಡುತ್ತದೆ. ಅದಕ್ಕೆ ಹರಿವು ಬೇಕು. ಫ್ಯಾನ್ ಆಫ್ ಇದ್ದಾಗ ಸ್ವಿಚ್ಚಿಗೆ ಬರುವ ವೈರಿನ ಬಳಿ ಟೆಸ್ಟರ್ ಕೂಗುತ್ತದೆ, ಕ್ಲ್ಯಾಂಪ್ ಸೊನ್ನೆ ತೋರಿಸುತ್ತದೆ. ಆನ್ ಮಾಡಿದರೆ 75 ವ್ಯಾಟಿನ ಫ್ಯಾನಿಗೆ ಸುಮಾರು 0.3 ಆಂಪಿಯರ್. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲ್ಯಾಂಪಿನ ಬಾಯಿಗೆ ಕೊಟ್ಟರೆ ಮತ್ತೆ ಸೊನ್ನೆ. ಹುರಿ ಹಾಕಿದ ವೈರು ನೆನಪಿದೆಯಲ್ಲ, ಅದೇ. ಸೊನ್ನೆ ಬಾರದಿದ್ದರೆ ಹೋದ ಕರೆಂಟ್ ಪೂರ್ತಿ ವಾಪಸು ಬರುತ್ತಿಲ್ಲ, ಎಲ್ಲೋ ಸೋರುತ್ತಿದೆ. ಮೀಟರ್ ಬೋರ್ಡಿನ ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡರೆ ಸಪ್ಲೈ ಕಡಿಯುವ ಸ್ವಿಚ್ಚು, ಈ ಲೆಕ್ಕವನ್ನೇ ಸದಾ ಹಾಕುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬರುವುದರೊಳಗೆ ಬೀಳುತ್ತದೆ. ಆಷಾಢದ ಮಳೆಯಲ್ಲಿ ಗೋಡೆ ನೆನೆದು ಅದು ಪದೇಪದೇ ಬಿದ್ದರೆ ಬೈಪಾಸ್ ಮಾಡಿಸಬೇಡಿ, ಸೋರುವ ವೈರನ್ನು ಹುಡುಕಿಸಿ.

ಕಾಡಿನ ನಡುವೆ ಹೋಗುವ 400 ಕಿಲೊವೋಲ್ಟ್ ಲೈನುಗಳ ಬಗ್ಗೆ ಜನ ಕೇಳುವುದುಂಟು. ಅಂಥ ಲೈನಿನ ಕೆಳಗೆ ನೆಲಮಟ್ಟದಲ್ಲಿ ಮೀಟರಿಗೆ ಕೆಲವು ಸಾವಿರ ವೋಲ್ಟಿನ ವಿದ್ಯುತ್ ಕ್ಷೇತ್ರ ಇರುತ್ತದೆ. ಸಾರ್ವಜನಿಕರಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ 50 ಹರ್ಟ್ಸ್‌ಗೆ ಮೀಟರಿಗೆ 5 ಕಿಲೊವೋಲ್ಟ್, ಕಾಂತಕ್ಷೇತ್ರಕ್ಕೆ 200 ಮೈಕ್ರೊಟೆಸ್ಲಾ. ಮರ, ಗೋಡೆ, ಮಾಡು ವಿದ್ಯುತ್ ಕ್ಷೇತ್ರವನ್ನು ತಡೆಯುತ್ತವೆ, ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ನಿಜವಾದ ಅಪಾಯ ಇದಕ್ಕಿಂತ ಹತ್ತಿರದಲ್ಲಿದೆ: ತೋಟದ ಮೇಲೆ ಹಾದುಹೋಗುವ 11 ಕಿಲೊವೋಲ್ಟ್ ಲೈನು. ಅಡಿಕೆ ಕೊಯ್ಯುವ, ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಹಗುರ, ಅನುಕೂಲ, ಆದರೆ ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ನೋಡಲು ಪ್ಲಾಸ್ಟಿಕ್ಕಿನಂತಿದೆ ಎಂದು ನಂಬಬೇಡಿ. ಲೈನಿನ ಕೆಳಗಿನ ಮರಗಳಿಗೆ ಸಪ್ಲೈ ಬಂದ್ ಮಾಡಿಸದೆ ದೋಟಿ ಎತ್ತಬೇಡಿ.

ಬೈತಖೋಲ, ತದಡಿ, ಹೊನ್ನಾವರದ ದೋಣಿಯವರಿಗೆ ಒಂದು ಮಾತು. ಜಿಪಿಎಸ್ ಇದ್ದರೂ ದಿಕ್ಸೂಚಿ ಇಟ್ಟುಕೊಂಡವರು ಅದರ ಪಕ್ಕದಲ್ಲಿ ಲೈಟಿನ ಒಂಟಿ ವೈರು ಎಳೆದಿರುತ್ತಾರೆ. ಹತ್ತು ಸೆಂಟಿಮೀಟರ್ ದೂರದಲ್ಲಿ 5 ಆಂಪಿಯರ್ ಎಂದರೆ 10 ಮೈಕ್ರೊಟೆಸ್ಲಾ. ವೈರು ದಕ್ಷಿಣೋತ್ತರವಾಗಿ ಮುಳ್ಳಿನ ಮೇಲೋ ಕೆಳಗೋ ಇದ್ದರೆ ಮುಳ್ಳು 14 ಡಿಗ್ರಿ ತಪ್ಪುತ್ತದೆ. ಪ್ಲಸ್, ಮೈನಸ್ ಎರಡನ್ನೂ ಹುರಿ ಹಾಕಿ ಒಟ್ಟಿಗೆ ಎಳೆಯಿರಿ. ದೋಣಿ ಬಂದರಿನಲ್ಲಿ ಕಟ್ಟಿದ್ದಾಗ ಲೈಟು, ವೈರ್‌ಲೆಸ್ಸು, ಪಂಪು ಒಂದೊಂದನ್ನೇ ಆನ್ ಮಾಡಿ ಮುಳ್ಳನ್ನು ನೋಡಿ. ಯಾವ ಸ್ವಿಚ್ಚಿಗೆ ಮುಳ್ಳು ಅಲುಗಿತೋ ಆ ವೈರನ್ನು ಬಿಚ್ಚಿ ಮತ್ತೆ ಹುರಿ ಹಾಕಿ. ಒಂದು ದಿಕ್ಕಿಗೆ ನೋಡಿದ್ದು ಸಾಲದು. ದೋಣಿಯ ಮೂತಿಯನ್ನು ತೊಂಬತ್ತು ಡಿಗ್ರಿ ತಿರುಗಿಸಿ ಇನ್ನೊಮ್ಮೆ ನೋಡಿ, ಮೊದಲ ಸಲ ಪೂರ್ವ–ಪಶ್ಚಿಮವಾಗಿದ್ದ ವೈರು ಈಗ ಸಿಕ್ಕಿಬೀಳುತ್ತದೆ.